ಕೆಂಪು ಬಳಿದ ನಕ್ಷೆ, ಹನ್ನೊಂದು ಕೊಳವೆಬಾವಿ

ಪ್ರಶ್ನೆ: ಮಗಳಿಗೆ ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ಸಾರ್ವಜನಿಕ ನೀತಿಯ ಸ್ನಾತಕೋತ್ತರ ಪದವಿಗೆ ಸೀಟು ಸಿಕ್ಕಿದೆ. ಪಠ್ಯಪಟ್ಟಿ ನೋಡಿದರೆ ಜನಾಂಗ, ಅಸ್ಮಿತೆ, ನ್ಯಾಯ, ಸರ್ಕಾರಿ ಸೇವೆಯ ನೈತಿಕತೆ ಎಂದೆಲ್ಲ ಇದೆ. ನಾನು ಅಡಿಕೆ ವ್ಯಾಪಾರಿ. ಕರಿಯರು, ಬಿಳಿಯರ ಜಗಳ ಓದುವುದಕ್ಕೆ ಇಷ್ಟು ಸಾಲ ಮಾಡಬೇಕೆ?
– ಒಬ್ಬ ತಂದೆ, ಚನ್ನಗಿರಿ

ಸಾಲದ ಲೆಕ್ಕ ನಿಮಗೆ ನನಗಿಂತ ಚೆನ್ನಾಗಿ ಗೊತ್ತು, ಅದಕ್ಕೆ ಕೈ ಹಾಕುವುದಿಲ್ಲ. ಓದಿನ ವಿಷಯ ಮಾತ್ರ ಹೇಳುತ್ತೇನೆ. ಕಂದಾಯ ಇಲಾಖೆಯಲ್ಲಿ ಹದಿನೆಂಟು ವರ್ಷ ಸವೆಸಿದ ಮೇಲೆ, ನಲವತ್ತೆರಡನೆಯ ವಯಸ್ಸಿನಲ್ಲಿ ಒಂದು ವರ್ಷ ರಜೆ ಹಾಕಿ ನಾನೂ ಅಂಥದ್ದೇ ಕೋರ್ಸಿಗೆ ಹೋಗಿದ್ದೆ. ಅವರ ಮನೆಯ ಜಗಳ ನನಗೇಕೆ ಎಂದು ನನಗೂ ಅನ್ನಿಸಿತ್ತು.

ಮೂರನೆಯ ವಾರವೋ ನಾಲ್ಕನೆಯ ವಾರವೋ ಇರಬೇಕು. ಮೇಷ್ಟರು ಗೋಡೆಯ ಮೇಲೆ ಬಾಲ್ಟಿಮೋರ್ ನಗರದ ಹಳೆಯ ನಕ್ಷೆಯೊಂದನ್ನು ತೋರಿಸಿದರು. 1930ರ ದಶಕದಲ್ಲಿ ಅಲ್ಲಿನ ಕೇಂದ್ರ ಸರ್ಕಾರದ ಗೃಹಸಾಲ ನಿಗಮ ಇನ್ನೂರಕ್ಕೂ ಹೆಚ್ಚು ನಗರಗಳಿಗೆ ಇಂಥ ನಕ್ಷೆ ಮಾಡಿಸಿತ್ತು. ಉತ್ತಮ ಬಡಾವಣೆಗೆ ಹಸಿರು, ಅದಕ್ಕಿಂತ ಕೆಳಗಿನದಕ್ಕೆ ನೀಲಿ, ಆಮೇಲೆ ಹಳದಿ, ಸಾಲ ಕೊಡಲು ‘ಅಪಾಯಕಾರಿ’ ಎನಿಸಿದ್ದಕ್ಕೆ ಕೆಂಪು. ಪ್ರತಿ ಬಡಾವಣೆಗೂ ಒಂದು ನಮೂನೆ. ನಮಗೆಲ್ಲ ಅದರ ಒಂದೊಂದು ನೆರಳಚ್ಚು ಹಂಚಿದರು. ನಮ್ಮ ಪಹಣಿಯ ಹಾಗೆಯೇ ಕಾಲಂಗಳು: ಮನೆಗಳ ವಯಸ್ಸು, ಬಾಡಿಗೆ, ನಿವಾಸಿಗಳ ಉದ್ಯೋಗ. ನಡುವೆ ಒಂದು ಸಾಲು, ‘ನೀಗ್ರೋಗಳು ಇದ್ದಾರೆಯೇ, ಶೇಕಡಾ ಎಷ್ಟು’. ಇನ್ನೊಂದು ಸಾಲಿನ ತಲೆಬರಹ ‘ನುಸುಳುವಿಕೆ’, ಎಂದರೆ ಯಾರು ಒಳಗೆ ಬರುತ್ತಿದ್ದಾರೆ ಎಂದು. ಕರಿಯರು ವಾಸಿಸುವ ಬಡಾವಣೆಗೆ ಬಹುಮಟ್ಟಿಗೆ ಕೆಂಪೇ ಗತಿ. ಅದೇ ಕಾಲದಲ್ಲಿ ಗೃಹಸಾಲಕ್ಕೆ ಸರ್ಕಾರದ ಖಾತರಿ ಕೊಡುತ್ತಿದ್ದ ಇನ್ನೊಂದು ಸಂಸ್ಥೆಯೂ ಅಂಥ ಕೇರಿಗಳನ್ನು ದೂರವೇ ಇಟ್ಟಿತು. ಮನೆ ಮಾರಾಟ, ಬಾಡಿಗೆಗಳಲ್ಲಿ ಜನಾಂಗಭೇದ ಮಾಡಬಾರದೆಂಬ ಕಾನೂನು ಬರುವ ಹೊತ್ತಿಗೆ 1968 ಆಗಿತ್ತು. ಅಷ್ಟರಲ್ಲಿ ಬಿಳಿಯರ ಎರಡು ತಲೆಮಾರು ಮನೆ ಕೊಂಡು, ಅದರ ಬೆಲೆ ಏರಿ, ಆ ದುಡ್ಡಿನಲ್ಲಿ ಮಕ್ಕಳನ್ನು ಕಾಲೇಜಿಗೆ ಕಳಿಸಿಯೂ ಆಗಿತ್ತು.

ಆ ನಮೂನೆಯನ್ನು ಅಚ್ಚುಕಟ್ಟಾಗಿ ತುಂಬಿದವನು ನನ್ನಂಥ ಒಬ್ಬ ನೌಕರ. ಹಾಳೆ ಹಿಡಿದು ಕೂತಿದ್ದಾಗ ನೆನಪಾದದ್ದು ಒಂದು ಬರಗಾಲದ ವರ್ಷ. ನಾನು ತಹಸೀಲ್ದಾರನಾಗಿದ್ದ ತಾಲ್ಲೂಕಿನ ಒಂದು ದೊಡ್ಡ ಹಳ್ಳಿಗೆ ಹನ್ನೊಂದು ಕೊಳವೆಬಾವಿ ಮಂಜೂರಾಗಿದ್ದವು. ಷರತ್ತು ಮೂರೇ: ಭೂವಿಜ್ಞಾನಿ ಜಾಗ ಗುರುತಿಸಬೇಕು, ಕೊರೆಯುವ ಲಾರಿ ಹೋಗುವಷ್ಟು ರಸ್ತೆ ಇರಬೇಕು, ಹತ್ತಿರ ವಿದ್ಯುತ್ ಕಂಬ ಇರಬೇಕು. ಹನ್ನೊಂದಕ್ಕೂ ರುಜು ಹಾಕಿದ್ದೆ. ಹರಿಜನ ಕೇರಿಗೆ ಒಂದೂ ಬಿದ್ದಿರಲಿಲ್ಲ. ಅಲ್ಲಿ ಕಂಬವೂ ಇರಲಿಲ್ಲ, ಲಾರಿ ತಿರುಗುವ ದಾರಿಯೂ ಇರಲಿಲ್ಲ. ಅಮೆರಿಕದವರು ಕಾಲಂ ಹಾಕಿ ಬರೆದುಕೊಂಡರು. ನನ್ನ ಪಟ್ಟಿಯಲ್ಲಿ ಜಾತಿ ಎಂಬ ಪದವೇ ಇರಲಿಲ್ಲ. ಆಡಿಟ್‌ನವರು ಒಂದು ಆಕ್ಷೇಪಣೆಯನ್ನೂ ಎತ್ತಲಿಲ್ಲ. ಆ ಬೇಸಿಗೆ ಕೇರಿಯ ಹೆಂಗಸರು ಮೇಲಿನ ಬೀದಿಯ ನಲ್ಲಿಯಿಂದ ಹತ್ತು ಮಾರು ದೂರ ಕೊಡ ಇಟ್ಟುಕೊಂಡು, ಯಾರಾದರೂ ಬಂದು ಹುಯ್ಯಲಿ ಎಂದು ಕಾದರು. ಅದನ್ನು ಜೀಪಿನಲ್ಲಿ ಕೂತು ನೋಡಿದ್ದೆ. ನೋಡಿ, ಬರಗಾಲವಲ್ಲವೇ ಎಂದುಕೊಂಡಿದ್ದೆ.

ವಾಪಸು ಬಂದ ಮೇಲೆ ಆ ಹಳ್ಳಿಗೆ ಹೋದೆ. ನನಗಿಂತ ಕಿರಿಯ ಅಧಿಕಾರಿಯೊಬ್ಬರು ಕೇರಿಗೆ ಕಂಬ ಹಾಕಿಸಿ, ತೊಟ್ಟಿ ಕಟ್ಟಿಸಿ ಎರಡು ವರ್ಷವಾಗಿತ್ತು. ಯಾವ ವಿದೇಶಕ್ಕೂ ಹೋಗದೆ! ಸಮಾಧಾನವಾಯಿತು, ಸ್ವಲ್ಪ ಮುಖಭಂಗವೂ ಆಯಿತು. ಆದ್ದರಿಂದ ಆ ಓದಿಲ್ಲದಿದ್ದರೆ ಕಣ್ಣು ತೆರೆಯುವುದೇ ಇಲ್ಲ ಎಂದು ನಾನು ಹೇಳಲಾರೆ. ನನ್ನಂಥ ದಪ್ಪ ಚರ್ಮದವನಿಗೆ ಬೇಕಾಯಿತು.

ಮಗಳಿಗೆ ಒಂದು ಮಾತು ಹೇಳಿ. ಹೊರಡುವ ಮುಂಚೆ ಮೈಸೂರಿನ ಮಿಲ್ಲರ್ ಸಮಿತಿಯ ಬಗ್ಗೆ ಓದಿಕೊಳ್ಳಲಿ. ನಾಲ್ವಡಿಯವರು 1918ರಲ್ಲಿ ನೇಮಿಸಿದ್ದು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಕನಿಷ್ಠ ಅರ್ಧ, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲು ಹಿಂದುಳಿದವರಿಗೆ ಸಿಗಬೇಕೆಂದು ಅದು ಶಿಫಾರಸು ಮಾಡಿತು. ತರಗತಿಯಲ್ಲಿ ಷಿಕಾಗೋದ ಕರಿಯ ಸಹಪಾಠಿಯೊಬ್ಬಳು ‘ನಿಮ್ಮ ಸರ್ಕಾರಿ ನೌಕರಿಯಲ್ಲಿ ಇದೆಲ್ಲ ಹೇಗೆ?’ ಎಂದು ಕೇಳಿದಾಗ ನನಗೆ ಅದರ ಒಂದು ಸಾಲೂ ನೆನಪಿರಲಿಲ್ಲ. ಅದೇ ರಾಜ್ಯದ ಸಂಬಳ ತಿನ್ನುವವನು ನಾನು.

ಪ್ರಶ್ನೆ: ಐಎಎಸ್ ಪರೀಕ್ಷೆಗೆ ಓದುತ್ತಿದ್ದೇನೆ. ನೈತಿಕತೆಯ ಪತ್ರಿಕೆಗೆ ಎಲ್ಲರೂ ಬರೆಯದ ಉದಾಹರಣೆಯೊಂದನ್ನು ಕೊಡುತ್ತೀರಾ?
– ಓದುಗ, ವಿಜಯಪುರ

2013ರಿಂದ ಈ ಪತ್ರಿಕೆ ಇದೆ, 250 ಅಂಕ. ‘ಪ್ರಾಮಾಣಿಕತೆ ಎಂದರೆ’ ಎಂದು ಶುರುಮಾಡಿದ ಉತ್ತರಗಳನ್ನು ಓದಿ ಓದಿ ಪರೀಕ್ಷಕರಿಗೆ ಸಾಕಾಗಿರುತ್ತದೆ. ಟಸ್ಕೀಗಿಯ ಕತೆ ಬರೆಯಿರಿ.

1932ರಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆ ಅಲಬಾಮಾ ರಾಜ್ಯದ ಟಸ್ಕೀಗಿ ಊರಿನ ಸುತ್ತಲಿನ ಸುಮಾರು 600 ಬಡ ಕರಿಯ ಗಂಡಸರನ್ನು ಅಧ್ಯಯನಕ್ಕೆ ಸೇರಿಸಿಕೊಂಡಿತು. 399 ಮಂದಿಗೆ ಸಿಫಿಲಿಸ್ ಎಂಬ ಲೈಂಗಿಕ ರೋಗ ಇತ್ತು. ಅವರಿಗೆ ಹೇಳಿದ್ದು ‘ಕೆಟ್ಟ ರಕ್ತ’ ಎಂದು. 1940ರ ದಶಕದ ಕೊನೆಗೆ ಅದನ್ನು ಗುಣಪಡಿಸುವ ಪೆನ್ಸಿಲಿನ್ ಎಲ್ಲೆಡೆ ಸಿಗುತ್ತಿದ್ದರೂ ಕೊಡಲಿಲ್ಲ; ರೋಗ ಎಲ್ಲಿಯವರೆಗೆ ಹೋಗುತ್ತದೆ ನೋಡಬೇಕಿತ್ತು. 40 ವರ್ಷ ನೋಡಿದರು. ಪೀಟರ್ ಬಕ್ಸ್‌ಟನ್ ಎಂಬ ಅದೇ ಇಲಾಖೆಯ ನೌಕರ 1966ರಿಂದ ಮೇಲಧಿಕಾರಿಗಳಿಗೆ ಆಕ್ಷೇಪ ಬರೆದ, ಕೆಲಸವಾಗಲಿಲ್ಲ. 1972ರಲ್ಲಿ ಸುದ್ದಿ ಪತ್ರಿಕೆಗಳಿಗೆ ಹೋದ ಮೇಲೆಯೇ ನಿಂತದ್ದು.

ಬಕ್ಸ್‌ಟನ್‌ನನ್ನು ಬೇರೆಯವರೂ ಬರೆದಾರು. ನೀವು ಯೂನಿಸ್ ರಿವರ್ಸ್ ಬಗ್ಗೆ ಬರೆಯಿರಿ. ಆಕೆ ಕರಿಯ ನರ್ಸ್. ರೋಗಿಗಳನ್ನು ಕಾರಿನಲ್ಲಿ ಕೂರಿಸಿಕೊಂಡು ತಪಾಸಣೆಗೆ ಕರೆತಂದದ್ದು ಆಕೆ. ಯಾರಾದರೂ ಸತ್ತರೆ, ಅಂತ್ಯಕ್ರಿಯೆಯ ಖರ್ಚು ಸಿಗುತ್ತದೆ ಎಂದು ಮನೆಯವರನ್ನು ಶವಪರೀಕ್ಷೆಗೆ ಒಪ್ಪಿಸಿದ್ದೂ ಆಕೆಯೇ. ಆ ಜನರಿಗೆ ಆಕೆಯ ಮೇಲೆ ಅಪಾರ ನಂಬಿಕೆ. ಆಕೆಗೂ ಅವರ ಮೇಲೆ ಮಮತೆ ಇತ್ತು ಎಂದೇ ನಾನು ನಂಬುತ್ತೇನೆ. ಖಳರನ್ನು ಖಂಡಿಸಿದರೆ ಅರ್ಧ ಪುಟ ತುಂಬುತ್ತದೆ, ಅಷ್ಟೇ. ಆಕೆಯ ಕುರ್ಚಿಯಲ್ಲಿ ನೀವಿದ್ದಿದ್ದರೆ ಯಾವ ದಿನ, ಯಾವ ಕಾಗದಕ್ಕೆ ಒಲ್ಲೆ ಎನ್ನುತ್ತಿದ್ದಿರಿ ಎಂದು ಬರೆಯಲು ಕೂತು ನೋಡಿ, ಪೆನ್ನು ನಿಲ್ಲುತ್ತದೆ.

ಪ್ರಶ್ನೆ: ಮಗನನ್ನು ಇಲ್ಲಿನ ಶಾಲೆಗೆ ಸೇರಿಸುವ ಅರ್ಜಿಯಲ್ಲಿ ಜನಾಂಗ ಕೇಳುತ್ತಾರೆ. ನಾವು ಯಾರು?
– ಕನ್ನಡತಿ, ನ್ಯೂಜೆರ್ಸಿ

ಸದ್ಯಕ್ಕೆ ಏಷ್ಯನ್. ‘ಸದ್ಯಕ್ಕೆ’ ಎಂದದ್ದು ತಮಾಷೆಗಲ್ಲ. 1920ರಿಂದ 1940ರವರೆಗಿನ ಅಮೆರಿಕದ ಜನಗಣತಿಗಳಲ್ಲಿ ‘ಹಿಂದೂ’ ಎಂಬುದೇ ಒಂದು ಜನಾಂಗ. ಪಂಜಾಬಿನ ಸಿಖ್ಖನೂ ಹಿಂದೂ, ಮುಸ್ಲಿಮನೂ ಹಿಂದೂ. 1970ರ ಗಣತಿಯಲ್ಲಿ ಭಾರತೀಯರನ್ನು ಬಿಳಿಯರ ಲೆಕ್ಕಕ್ಕೆ ಸೇರಿಸಿದರು. 1980ಕ್ಕೆ ‘ಏಷ್ಯನ್ ಇಂಡಿಯನ್’ ಎಂಬ ಬೇರೆ ಚೌಕ ಬಂತು. ಮೈಬಣ್ಣ ಅದೇ, ಚೌಕ ಮಾತ್ರ ಬೇರೆ ಬೇರೆ.

ಭಗತ್ ಸಿಂಗ್ ಥಿಂಡ್ ಎಂಬ ಸಿಖ್ಖರು ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದವರು. ಹೊರಗಿನಿಂದ ಬಂದವರಲ್ಲಿ ಬಿಳಿಯರಿಗೆ, ಆಫ್ರಿಕಾ ಮೂಲದವರಿಗೆ ಮಾತ್ರ ಪೌರತ್ವ ಕೊಡುತ್ತಿದ್ದ ಕಾಲ ಅದು. ಅವರ ಪೌರತ್ವದ ಪ್ರಶ್ನೆ ಅಲ್ಲಿನ ಸುಪ್ರೀಂ ಕೋರ್ಟಿಗೆ ಹೋದಾಗ, ನಾನು ಮೇಲ್ಜಾತಿಯ ಆರ್ಯ, ಆದ್ದರಿಂದ ಬಿಳಿಯ ಎಂಬುದು ಅವರ ವಾದ. ಬಿಳಿಯರ ಪಂಕ್ತಿಯಲ್ಲಿ ನನಗೂ ಒಂದು ಎಲೆ ಹಾಕಿ ಎಂದರೇ ಹೊರತು, ಪಂಕ್ತಿಭೇದ ಏಕೆ ಎಂದು ಕೇಳಲಿಲ್ಲ. 1923ರಲ್ಲಿ ನ್ಯಾಯಾಲಯ ಒಪ್ಪಲಿಲ್ಲ: ಸಾಮಾನ್ಯ ಮನುಷ್ಯನ ಕಣ್ಣಿಗೆ ನೀವು ಬಿಳಿಯರಲ್ಲ ಎಂದಿತು. ಆಮೇಲೆ ಅದಾಗಲೇ ಪೌರತ್ವ ಪಡೆದಿದ್ದ ಎಷ್ಟೋ ಭಾರತೀಯರಿಂದಲೂ ಅದನ್ನು ಕಿತ್ತುಕೊಂಡರು.

ಅರ್ಜಿ ತುಂಬುವಾಗ ಮಗನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಇದನ್ನು ಏಕೆ ಕೇಳುತ್ತಾರೆ ಎಂದು ಅವನು ಕೇಳಿಯೇ ಕೇಳುತ್ತಾನೆ, ಥಿಂಡ್ ಕತೆ ಹೇಳಿ. ‘ಊರಿನಲ್ಲಿ ನಮ್ಮನ್ನು ಯಾವ ಚೌಕದಲ್ಲಿ ಬರೆಯುತ್ತಾರೆ?’ ಎಂದು ಮುಂದಿನ ಪ್ರಶ್ನೆ ಬಂದರೆ ನನಗೆ ಕಾಗದ ಬರೆಯಬೇಡಿ. ಅದಕ್ಕೆ ನೀವೇ ಉತ್ತರ ಹೇಳಬೇಕು.