ಅರ್ಜಿಯಲ್ಲಿ ‘ಇಲ್ಲ’ ಎಂದು ಬರೆದಿದ್ದವರು

ಕೈಕೆಲಸ ಬಿಟ್ಟು ಪೊಲೀಸ್ ಕೆಲಸಕ್ಕೆ ಸೇರಬೇಕು ಅಂತ ಸಲಹೆ ಕೇಳೋಕೆ ಬರುವವರು ನನ್ನ ಹತ್ತಿರ ವರ್ಷಕ್ಕೆ ನಾಲ್ಕೈದು ಜನ ಇದ್ದೇ ಇರುತ್ತಾರೆ. ವೆಲ್ಡರ್, ಪ್ಲಂಬರ್, ಬಡಗಿ, ಗಾಡಿ ರಿಪೇರಿಯವರು. ಬಹಳಷ್ಟು ಜನರ ಜತೆ ಎರಡು ಸಲ ಕೂತರೆ ಕೆಲಸ ಮುಗಿಯುತ್ತದೆ. ಒಬ್ಬ ಎಲೆಕ್ಟ್ರಿಷಿಯನ್ ವಿಷಯ ಹಾಗಾಗಲಿಲ್ಲ. ನಾನು ಕೊಟ್ಟ ಸಲಹೆಯಿಂದ ಇವರಿಗೆ ನಷ್ಟವಾಯಿತು. ಅದು ಗೊತ್ತಿದ್ದೂ ಅದೇ ಸಲಹೆಯನ್ನು ಇನ್ನೊಬ್ಬರಿಗೆ ಕೊಟ್ಟಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ, ಅವರ ಒಪ್ಪಿಗೆಯೂ ಇದೆ.

ವಯಸ್ಸು ಮೂವತ್ತರ ಹತ್ತಿರ. ಹನ್ನೊಂದು ವರ್ಷದಿಂದ ಎಲೆಕ್ಟ್ರಿಷಿಯನ್. ಕಟ್ಟಡಗಳಿಗೆ ವೈರಿಂಗ್ ಮಾಡುವ ಕಂಪನಿಯಲ್ಲಿ ಕೆಲಸ. ಒಂದು ಸಲ ಅರ್ಜಿ ಹಾಕಿ, ಸಂದರ್ಶನದಲ್ಲಿ ಬಿದ್ದು ಬಂದಿದ್ದರು. ಬಂದವರೇ ಹೇಳಿದ ಮಾತು: “ಇದು ಓದಿದವರ ಕೆಲಸ ಮೇಡಂ. ನಮ್ಮಂಥವರಿಗೆ ಕೊಡಲ್ಲ ಅನ್ಸುತ್ತೆ.”

ಈ ಮಾತನ್ನು ನಾನು ತುಂಬ ಸಲ ಕೇಳಿದ್ದೇನೆ. ಉತ್ತರವೂ ರೆಡಿ ಇರುತ್ತೆ. 1829ರಲ್ಲಿ ಲಂಡನ್ನಿನ ಮೆಟ್ರೋಪಾಲಿಟನ್ ಪೊಲೀಸ್ ಶುರುವಾದಾಗ ಮೊದಲು ಸೇರಿದವರಲ್ಲಿ ಬಡಗಿಗಳು, ಗಾರೆಯವರು, ಬೂಟು ಹೊಲಿಯುವವರು, ಕಟುಕರು, ಬ್ರೆಡ್ ಸುಡುವವರು ಎಲ್ಲ ಇದ್ದರು. ಕೂಲಿ ಮಾಡುತ್ತಿದ್ದವರಂತೂ ಬೇಕಾದಷ್ಟು. (ಒಂದನೇ ನಂಬರ್ ಪಡೆದ ಪೇದೆಯನ್ನು ಕುಡಿದಿದ್ದಕ್ಕೆ ಅವತ್ತೇ ಮನೆಗೆ ಕಳಿಸಿದರು. ಅದನ್ನೂ ಹೇಳುತ್ತೇನೆ, ಜನ ನಗುತ್ತಾರೆ.) ಇವರೂ ನಕ್ಕರು. ಆದರೆ ಒಪ್ಪಿದ ಹಾಗೆ ಕಾಣಲಿಲ್ಲ.

ಮೊದಲ ಸಂದರ್ಶನ ಹಾಳಾಗಿದ್ದು ಯಾಕೆ ಅಂತ ಬೇಗ ಗೊತ್ತಾಯಿತು. ಮಾಡಿದ ಕೆಲಸದ ಬಗ್ಗೆ ಏನೇ ಕೇಳಿದರೂ “ಮಾಡಿದ್ವಿ”, “ನೋಡಿದ್ವಿ”, “ಸರಿ ಮಾಡಿದ್ವಿ” ಅನ್ನುತ್ತಿದ್ದರು. ಸೈಟಿನಲ್ಲಿ ಅದು ಮರ್ಯಾದೆ. ಜತೆಗಿದ್ದವರನ್ನು ಬಿಟ್ಟು “ನಾನು ಮಾಡಿದೆ” ಅಂದರೆ ಜಂಬ ಅನ್ನುತ್ತಾರೆ. ಆದರೆ ಸಂದರ್ಶನ ಮಾಡುವವರ ಕೈಯಲ್ಲಿ ಅಂಕದ ಹಾಳೆ ಇರುತ್ತದೆ. ಪರಿಸ್ಥಿತಿ ಏನಿತ್ತು, ನಿಮ್ಮ ಹೊಣೆ ಏನು, ನೀವು ಏನು ಮಾಡಿದಿರಿ, ಕೊನೆಗೆ ಏನಾಯಿತು, ಇಷ್ಟನ್ನು ಅವರು ಹುಡುಕುತ್ತಾರೆ. “ಮಾಡಿದ್ವಿ” ಅಂದರೆ ಅಂಕ ಯಾರಿಗೆ ಕೊಡೋದು? ಒಂದು ಗಂಟೆ ಬರೀ “ನಾನು” ಅಂತ ಹೇಳಿಸುವುದೇ ಆಯಿತು. ಅವರಿಗೆ ನಾಚಿಕೆ, ನನಗೆ ಬಾಯಿ ನೋವು.

ಅಂದು ಒಂದು ತಪ್ಪು ಮಾಡಿದೆ. ‘ತಂಡ ಮನೋಭಾವ’, ‘ಒತ್ತಡ ನಿರ್ವಹಣೆ’ ಥರದ ಮಾತುಗಳಿದ್ದ ಹಾಳೆ ಕೊಟ್ಟು ಕಳಿಸಿದೆ. ಮುಂದಿನ ವಾರ ಅದನ್ನು ಬಾಯಿಪಾಠ ಮಾಡಿಕೊಂಡು ಬಂದು ಒಪ್ಪಿಸಿದರು. ಕೇಳೋಕೆ ಆಗಲಿಲ್ಲ. ಹಾಳೆ ವಾಪಸ್ ಇಸ್ಕೊಂಡು, “ಇದೆಲ್ಲ ಬಿಡಿ. ಕರೆಂಟ್ ಇಲ್ಲ ಅಂತ ನಿಮಗೆ ಹೇಗೆ ಗೊತ್ತಾಗುತ್ತೆ? ಅದನ್ನ ಹೇಳಿ” ಅಂದೆ. ಸುಮ್ನೆ, ಮಾತಿಗೆ ಎಳೆಯೋಣ ಅಂತ.

ಅಲ್ಲಿಂದ ಅವರ ದನಿಯೇ ಬೇರೆಯಾಯಿತು. ಚೀಲದಿಂದ ಎರಡು ಮುಳ್ಳಿನ ಟೆಸ್ಟರ್ ತೆಗೆದು ಮೇಜಿನ ಮೇಲಿಟ್ಟರು. “ಮೂರು ಸಲ ಇಡಬೇಕು ಮೇಡಂ. ಮೊದಲು ಕರೆಂಟ್ ಇದೆ ಅಂತ ಗೊತ್ತಿರೋ ಕಡೆ. ಆಮೇಲೆ ಕೆಲಸ ಮಾಡೋ ವೈರಿಗೆ. ಆಮೇಲೆ ಮತ್ತೆ ಕರೆಂಟ್ ಇರೋ ಕಡೆ.”

“ಮೂರನೇದು ಯಾಕೆ?”

“ಮಧ್ಯದಲ್ಲಿ ಟೆಸ್ಟರೇ ಸತ್ತಿದ್ರೆ?”

ನನಗೆ ಇಷ್ಟವಾಯಿತು. ಇದನ್ನೇ ಸಂದರ್ಶನದಲ್ಲಿ ಹೇಳಿ ಅಂದೆ. ಹೀಗೇ ಮಾಡಬೇಕು ಅಂತ ಯಾರು ಕಲಿಸಿದರು ಅಂತಲೂ ಕೇಳಿದೆ. ಅವರು ಟೆಸ್ಟರನ್ನು ಚೀಲಕ್ಕೆ ಹಾಕಿ ಜಿಪ್ ಎಳೆದರು. ಸ್ವಲ್ಪ ಹೊತ್ತು ಮಾತೇ ಇಲ್ಲ.

“ಒಬ್ಬ ಹುಡುಗ ಬಿದ್ದ.”

ಆರು ವರ್ಷದ ಹಿಂದಿನ ಮಾತು. ಬೋರ್ಡಿನಲ್ಲಿ ಕರೆಂಟ್ ಕಟ್ ಮಾಡುವ ಸ್ವಿಚ್‌ಗಳಿಗೆಲ್ಲ (ಎಂಸಿಬಿ) ಲೇಬಲ್ ಬರೆದವರು ಇವರೇ. ಅಚ್ಚಿನ ಹಾಗೆ ಅಕ್ಷರ, ಕಂಪನಿಯಲ್ಲಿ ಎಲ್ಲರೂ ಇವರ ಕೈಲೇ ಬರೆಸುತ್ತಿದ್ದರಂತೆ. ಆಮೇಲೆ ಯಾರೋ ಒಂದು ಬದಲಾವಣೆ ಮಾಡಿದಾಗ ಎರಡು ವೈರು ಅದಲುಬದಲಾಗಿವೆ, ಲೇಬಲ್ ಹಾಗೇ ಉಳಿದಿದೆ. ಇವರು ಲೇಬಲ್ ನೋಡಿ ಸ್ವಿಚ್ ಇಳಿಸಿದರು. ನಾನೇ ಬರೆದದ್ದಲ್ಲವಾ ಅಂತ ಟೆಸ್ಟರ್ ಇಡಲಿಲ್ಲ. ಏಣಿ ಮೇಲಿದ್ದ ಹೆಲ್ಪರ್‌ಗೆ “ಆಫ್ ಆಗಿದೆ, ಕೈ ಹಾಕು” ಅಂದರು. ಹುಡುಗ ಶಾಕ್ ಹೊಡೆಸಿಕೊಂಡು ಕೆಳಗೆ ಬಿದ್ದ. ಮಣಿಕಟ್ಟು ಮುರಿಯಿತು, ಜೀವಕ್ಕೆ ಏನೂ ಆಗಲಿಲ್ಲ.

“ಕಾಲು ಜಾರಿತು ಅಂತ ಹೇಳ್ತೀನಿ ಅಣ್ಣ, ಅಂದ. ಪಾಪ, ಕೈ ಹಿಡ್ಕೊಂಡು ಅಳ್ತಾ ಇದ್ದ, ಆವಾಗಲೂ. ನಾನೇ ಹೋಗಿ ಮೇಲಿನವರಿಗೆ ಹೇಳ್ದೆ. ಎರಡು ವಾರ ಕೆಲಸದಿಂದ ನಿಲ್ಲಿಸಿದ್ರು.”

ಇಡೀ ಹೊತ್ತಿನಲ್ಲಿ ಅವರಾಗಿಯೇ “ನಾನು” ಅಂದದ್ದು ಅದೇ ಮೊದಲು.

ನಾನು ಖುಷಿಯಾಗಿದ್ದೆ. ತಪ್ಪು ಮಾಡಿದ್ದು, ಒಪ್ಪಿಕೊಂಡಿದ್ದು, ಆಮೇಲೆ ಕೆಲಸದ ರೀತಿಯನ್ನೇ ಬದಲಿಸಿಕೊಂಡಿದ್ದು, ಎಲ್ಲ ಇದರಲ್ಲೇ ಇದೆ. ಆಗ ಅವರು ಮೆಲ್ಲಗೆ ಹೇಳಿದರು: “ಫಾರ್ಮಿನಲ್ಲಿ ಒಂದು ಪ್ರಶ್ನೆ ಇತ್ತು. ಕೆಲಸದ ಜಾಗದಲ್ಲಿ ಶಿಸ್ತು ಕ್ರಮ ಆಗಿದೆಯಾ ಅಂತ. ಇಲ್ಲ ಅಂತ ಬರೆದಿದ್ದೆ.”

ಈ ಪ್ರಕರಣ ಇರುವುದು ಇಲ್ಲೇ. ಎರಡನೇ ಅರ್ಜಿಯಲ್ಲಿ ಏನು ಬರೆಯಬೇಕು? ಮತ್ತೆ ‘ಇಲ್ಲ’ ಅಂದರೆ ಎರಡನೇ ಸುಳ್ಳು. ‘ಹೌದು’ ಅಂದರೆ ಹಳೇ ಅರ್ಜಿಯಲ್ಲಿ ಸುಳ್ಳು ಹೇಳಿದ್ದು ಬಯಲಾಗುತ್ತೆ. ಅವರು ನನ್ನ ಮುಖ ನೋಡುತ್ತಾ ಕೂತಿದ್ದರು.

ನಾನು ಹೇಳಿದ್ದು: ಹೌದು ಅಂತ ಬರೆಯಿರಿ. ಹಿಂದಿನ ಸಲ ಬರೆದದ್ದು ಸುಳ್ಳು ಅಂತಲೂ, ಅವರು ಕೇಳುವ ಮೊದಲೇ, ನೀವೇ ಬರೆಯಿರಿ.

ನನ್ನ ಜತೆ ಕೆಲಸ ಮಾಡುವವರೊಬ್ಬರು ಇದನ್ನು ಒಪ್ಪಲಿಲ್ಲ. “ಶಿಸ್ತು ಕ್ರಮದ ಬಗ್ಗೆ ಬರೆಸಿದ್ದು ಸರಿ. ಹಳೇ ಅರ್ಜಿಯ ಮಾತು ಯಾಕೆ ಎತ್ತಿಸಬೇಕಿತ್ತು? ಅವರು ಹೋಲಿಸಿ ನೋಡುತ್ತಿದ್ದರೋ ಇಲ್ಲವೋ” ಅಂದರು. ಅವರ ವಾದ ತೆಗೆದುಹಾಕುವಂಥದ್ದಲ್ಲ. ಬೇರೆ ಕೆಲಸವಾಗಿದ್ದರೆ ನಾನೂ ಬಹುಶಃ ಹಾಗೇ ಹೇಳುತ್ತಿದ್ದೆ.

ಆದರೆ ಈ ಕೆಲಸವೇ ಬೇರೆ. ಪೊಲೀಸರ ಮುಖ್ಯ ಸಲಕರಣೆ ಅವರ ಮಾತು. “ಇಷ್ಟು ಹೊತ್ತಿಗೆ, ಇಲ್ಲಿ, ಇದನ್ನು ನೋಡಿದೆ” ಅಂತ ಅವರು ಬರೆದದ್ದರ ಮೇಲೆ ಒಬ್ಬರು ಜೈಲಿಗೆ ಹೋಗಬಹುದು. ಅಮೆರಿಕದ ಸುಪ್ರೀಂ ಕೋರ್ಟ್ 1963ರ ಬ್ರೇಡಿ ಪ್ರಕರಣದಲ್ಲಿ, ಆರೋಪಿಗೆ ಅನುಕೂಲವಾಗುವ ಮುಖ್ಯ ಸಾಕ್ಷ್ಯವನ್ನು ಸರ್ಕಾರಿ ವಕೀಲರು ಮುಚ್ಚಿಡುವ ಹಾಗಿಲ್ಲ ಅಂದಿತು. 1972ರ ಗಿಗ್ಲಿಯೋ ಪ್ರಕರಣದಲ್ಲಿ, ಸಾಕ್ಷಿಯ ನಂಬಿಕೆಗೆ ಕುಂದು ತರುವ ಸಂಗತಿಯೂ ಅದರಲ್ಲಿ ಸೇರುತ್ತೆ ಅಂತ ಆಯಿತು. ಅದರಿಂದಾಗಿ ಅಲ್ಲಿ ಸುಳ್ಳು ಹೇಳಿ ಸಿಕ್ಕಿಬಿದ್ದ ಅಧಿಕಾರಿಗಳ ಪಟ್ಟಿಯನ್ನೇ ಎಷ್ಟೋ ಸರ್ಕಾರಿ ವಕೀಲರ ಕಚೇರಿಗಳು ಇಟ್ಟುಕೊಂಡಿವೆ. ಅಂಥವರನ್ನು ಸಾಕ್ಷಿಕಟ್ಟೆಗೆ ಕರೆಯುವುದೇ ಕಷ್ಟ. ಏಣಿಯಿಂದ ಒಬ್ಬ ಬಿದ್ದದ್ದನ್ನು ಕ್ಷಮಿಸಬಹುದು. ಫಾರ್ಮಿನ ‘ಇಲ್ಲ’ ಹತ್ತು ವರ್ಷ ಕಳೆದು, ಯಾರದೋ ಕೇಸಿನ ಮಧ್ಯದಲ್ಲಿ ಎದ್ದು ಬಂದರೆ? ಅದರ ಬೆಲೆ ಇವರೊಬ್ಬರೇ ಕೊಡುವುದಿಲ್ಲ. ಅವರಿಗೂ ಹೀಗೇ ಹೇಳಿದೆ. ಇನ್ನೊಂದು ಮಾತೂ ಹೇಳಿದೆ: ಹಾಗೆ ಬರೆಯೋಕೆ ಮನಸ್ಸಿಲ್ಲ ಅಂದರೆ ಅರ್ಜಿ ಹಾಕಬೇಡಿ, ಕೈಯಲ್ಲಿ ಒಳ್ಳೇ ಕೆಲಸ ಇದೆ. ಸ್ವಲ್ಪ ಗಟ್ಟಿಯಾಗೇ ಹೇಳಿಬಿಟ್ಟೆ ಅಂತ ಆಮೇಲೆ ಅನಿಸಿತು.

ಉಳಿದ ಸಲಹೆ ಎಲ್ಲ ಕೈಕೆಲಸದವರಿಗೂ ಹೇಳುವಂಥದ್ದೇ. ದಿನವಿಡೀ ಭಾರ ಎತ್ತುತ್ತೇನೆ, ದೈಹಿಕ ಪರೀಕ್ಷೆಗೆ ತಯಾರಿ ಯಾಕೆ ಅನ್ನುವವರು ಜಾಸ್ತಿ. ಭಾರ ಎತ್ತುವ ಶಕ್ತಿಯೇ ಬೇರೆ, ಓಡುವ ದಮ್ಮೇ ಬೇರೆ. ಬೀಪ್ ಟೆಸ್ಟಿನಲ್ಲಿ 20 ಮೀಟರ್ ದೂರವನ್ನು ಬೀಪ್ ಬರೋದರೊಳಗೆ ಓಡಿ ಮುಟ್ಟಬೇಕು, ಹಂತ ಹಂತವಾಗಿ ಬೀಪ್ ಬೇಗ ಬೇಗ ಬರುತ್ತೆ. ಇವರು ಮೊದಲ ದಿನ ಮೊಣಕಾಲು ಹಿಡಿದುಕೊಂಡು ಕೂತರು. ಕಿವಿಯನ್ನೂ ಮೊದಲೇ ಪರೀಕ್ಷೆ ಮಾಡಿಸಿಕೊಳ್ಳಿ ಅಂದೆ. ವರ್ಷಗಟ್ಟಲೆ ಡ್ರಿಲ್ಲಿಂಗ್, ಕಟಿಂಗ್ ಮೆಷಿನ್ ಸದ್ದು ಕೇಳಿದವರ ಕಿವಿ ಮೊದಲು ಮಂದವಾಗುವುದು 4000 ಹರ್ಟ್ಸ್ ಆಸುಪಾಸಿನಲ್ಲಿ. ಸುತ್ತಲೂ ಗದ್ದಲ ಇದ್ದಾಗ ಮಾತು ಸರಿಯಾಗಿ ಕೇಳದೇ ಹೋಗುವ ತನಕ ಅದು ಗೊತ್ತೇ ಆಗುವುದಿಲ್ಲ. ಬರವಣಿಗೆಗೆ ದಿನಕ್ಕೊಂದು ಪುಟ ಬರೆಸಿದೆ: ಇವತ್ತು ಸೈಟಿನಲ್ಲಿ ನಡೆದದ್ದು, ಹೊತ್ತಿನ ಸಮೇತ, ನಿಮ್ಮ ಅಭಿಪ್ರಾಯ ಬಿಟ್ಟು. ಅದರಲ್ಲಿ ಅವರು ನನಗಿಂತ ಚೆನ್ನಾಗಿದ್ದರು.

ಸಂದರ್ಶನ ಚೆನ್ನಾಗಿ ಆಯಿತು. ಟೆಸ್ಟರ್ ಕಥೆಯನ್ನು ಪೂರ್ತಿ ಕೇಳಿದರಂತೆ. ಆಮೇಲೆ ಹಿನ್ನೆಲೆ ಪರಿಶೀಲನೆಯಲ್ಲಿ ಅರ್ಜಿ ನಿಂತಿತು. ನಾಲ್ಕು ತಿಂಗಳ ಮೇಲೆ ಪತ್ರ ಬಂತು. ಮೊದಲ ಅರ್ಜಿಯಲ್ಲಿ ತಪ್ಪು ಮಾಹಿತಿ ಕೊಟ್ಟಿದ್ದರಿಂದ ಈ ಸಲ ಆಗುವುದಿಲ್ಲ, ಒಂದು ವರ್ಷದ ನಂತರ ಮತ್ತೆ ಹಾಕಬಹುದು. ಪತ್ರ ಓದಿ ಹೇಳಿದ ಫೋನಿನಲ್ಲಿ ನಾನು “ಸಾರಿ” ಅಂದೆ. “ನೀವ್ಯಾಕೆ ಸಾರಿ, ಬರೆದವನು ನಾನು” ಅಂದರು. ಅದು ಸಮಾಧಾನವೋ ಚುಚ್ಚುಮಾತೋ ಇವತ್ತಿಗೂ ತಿಳಿದಿಲ್ಲ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ನನ್ನ ಜತೆ ಕೆಲಸ ಮಾಡುವವರು ಮಾತ್ರ, “ನಾನು ಹೇಳಿರಲಿಲ್ಲವಾ” ಅನ್ನಲಿಲ್ಲ. ಅದು ಅವರ ದೊಡ್ಡ ಗುಣ.

ಹೋದ ತಿಂಗಳು ಆ ಒಂದು ವರ್ಷ ಮುಗಿಯಿತು. ಮೊನ್ನೆ ಬೆಳಗ್ಗೆ ಫೋನಿಗೆ ಒಂದು ಫೋಟೋ ಬಂತು. ಶಿಸ್ತು ಕ್ರಮದ ಪ್ರಶ್ನೆಗೆ ಫಾರ್ಮಿನಲ್ಲಿ ಎರಡೇ ಗೆರೆ ಜಾಗ. ಅಲ್ಲಿ ‘ಹೌದು, ಬೇರೆ ಹಾಳೆ ನೋಡಿ’ ಅಂತ ಬರೆದು, ಹಿಂದೆ ಒಂದು ಹಾಳೆ ಪಿನ್ ಮಾಡಿದ್ದರು. ಅಚ್ಚಿನ ಹಾಗೆ ಅಕ್ಷರ. ಕೆಳಗೆ ಮೆಸೇಜು: “ಹಾಳೆ ಜಾಸ್ತಿ ಆದ್ರೆ ಪರವಾಗಿಲ್ಲ ಅಲ್ವಾ ಮೇಡಂ?”