ರೆಗ್ಯುಲೇಟರ್ ಬದಲಿಸುವ ಮೊದಲು ಅರ್ತಿಂಗ್ ನೋಡಿ

ಪ್ರಶ್ನೆ: ಅಣ್ಣ ಮತ್ತು ನಾನು ನಮ್ಮ ಅಡಿಕೆ ಗೋದಾಮಿನಲ್ಲಿ ಎರಡು ಸೀಟಿನ ಪುಟ್ಟ ವಿಮಾನ ಕಟ್ಟುತ್ತಿದ್ದೇವೆ. ಬಾಡಿ ಫೈಬರ್‌ನದು, ಎಂಜಿನ್ ರೋಟ್ಯಾಕ್ಸ್ 912. ಇನ್ನೂ ಹಾರಿಸಿಲ್ಲ. ನೆಲದ ಮೇಲೆ ಓಡಿಸಿದರೆ ಬ್ಯಾಟರಿ ಚಾರ್ಜ್ ಆಗುತ್ತಿಲ್ಲ. 12.6 ವೋಲ್ಟ್ ಇದ್ದದ್ದು 20 ನಿಮಿಷಕ್ಕೆ 12.1ಕ್ಕೆ ಇಳಿಯುತ್ತದೆ. ಶಿವಮೊಗ್ಗದ ಬೈಕ್ ಎಲೆಕ್ಟ್ರಿಷಿಯನ್ ಒಬ್ಬರು ರೆಗ್ಯುಲೇಟರ್ (ಎಂಜಿನ್‌ನ ಕರೆಂಟನ್ನು ಬ್ಯಾಟರಿಗೆ ತಕ್ಕಂತೆ ಮಾಡಿ ಕೊಡುವ ಭಾಗ) ಹೋಗಿದೆ ಎಂದರು. ಹೊಸದು ಹಾಕಿದರೂ ಹಾಗೇ ಇದೆ.
– ಓದುಗ, ಹೊಸನಗರ

ಉತ್ತರ: ಹೊಸ ರೆಗ್ಯುಲೇಟರ್ ಹಾಕಿದ ಮೇಲೂ ಅದೇ ಕಥೆ ಎಂದರೆ ನನ್ನ ಅನುಮಾನ ಅರ್ತಿಂಗ್ ಮೇಲೆ. ಬೈಕ್‌ನಲ್ಲಿ ಕಬ್ಬಿಣದ ಚಾಸಿಯೇ ನೆಗೆಟಿವ್ ವೈರ್‌ನ ಕೆಲಸ ಮಾಡುತ್ತದೆ. ನಿಮ್ಮದು ಫೈಬರ್, ಅದರಲ್ಲಿ ಕರೆಂಟ್ ಹರಿಯೋದಿಲ್ಲ ಅಲ್ವಾ? ಈ ರೆಗ್ಯುಲೇಟರ್‌ಗೆ ಅದರ ಲೋಹದ ಮೈಯೇ ನೆಗೆಟಿವ್. ಅಲ್ಲಿಂದ ಬ್ಯಾಟರಿಯ ನೆಗೆಟಿವ್‌ಗೆ ದಪ್ಪ ವೈರ್ ಬೇಕೇ ಬೇಕು.

ಬೆಂಗಳೂರಿನಲ್ಲಿ ವಿಮಾನಗಳ ವೈರಿಂಗ್ ಮಾಡುತ್ತಿದ್ದಾಗ ಇಂಥದ್ದೇ ಒಂದಕ್ಕೆ ನಾನು ಮೂರು ದಿನ ಕಳೆದೆ. ವೈರ್ ಇತ್ತು, ಬೋಲ್ಟ್ ಬಿಗಿಯಾಗಿತ್ತು. ಬಿಚ್ಚಿ ನೋಡಿದರೆ ಬೋಲ್ಟ್ ಕೆಳಗೆ ಪೇಂಟ್! ಒಂದು ರೂಪಾಯಿ ನಾಣ್ಯದಷ್ಟು ಜಾಗ ಕೆರೆದೆ, ಚಾರ್ಜ್ ಬಂತು. ನಮ್ಮ ಮಲೆನಾಡಿನಲ್ಲಿ ಪೇಂಟ್ ಬೇಕಂತಲೂ ಇಲ್ಲ. ಒಂದು ಮಳೆಗಾಲ ಕಳೆದರೆ ತಾಮ್ರಕ್ಕೆ ಹಸಿರು ಕಿಲುಬು ಹಿಡಿದಿರುತ್ತದೆ.

ಮಲ್ಟಿಮೀಟರನ್ನು ಡಿಸಿ ವೋಲ್ಟ್‌ಗೆ ಇಡಿ. ಒಂದು ಕಡ್ಡಿ ರೆಗ್ಯುಲೇಟರ್ ಮೈಗೆ, ಇನ್ನೊಂದು ಬ್ಯಾಟರಿಯ ನೆಗೆಟಿವ್ ಕಂಬಕ್ಕೇ. ಈ ವೈರ್‌ಗಳನ್ನು ಎಂಜಿನ್ ನಿಂತಿರುವಾಗಲೇ ಕಟ್ಟಿ, ಉದ್ದ ಬಿಟ್ಟು, ಮೀಟರನ್ನು ಕಾಕ್‌ಪಿಟ್‌ನಲ್ಲಿ ಕೂತು ಓದಿ. ಬಾಲವನ್ನು ಹಗ್ಗದಿಂದ ಕಟ್ಟಿ, ಚಕ್ರಕ್ಕೆ ಅಡ್ಡ ಕೊಡಿ. ತಿರುಗುವ ಪ್ರೊಪೆಲರ್ ಕಣ್ಣಿಗೆ ಕಾಣೋದಿಲ್ಲ. ದಯವಿಟ್ಟು ಅದರ ಹತ್ತಿರ ಯಾರೂ ಸುಳಿಯದ ಹಾಗೆ ನೋಡಿಕೊಳ್ಳಿ. ಎಂಜಿನ್ ಓಡುವಾಗ ಮೀಟರ್ 0.2 ವೋಲ್ಟ್ ಒಳಗೆ ತೋರಿಸಿದರೆ ಸರಿ. ಅರ್ಧ ವೋಲ್ಟ್ ಬಂದರೆ ಕಳ್ಳ ಸಿಕ್ಕ.

ಅರ್ತಿಂಗ್ ಸರಿ ಇದ್ದರೆ ರೆಗ್ಯುಲೇಟರ್‌ನ 'ಸಿ' ಟರ್ಮಿನಲ್ ನೋಡಿ. ಅಲ್ಲಿಗೆ ಬ್ಯಾಟರಿ ವೋಲ್ಟೇಜ್ ಬಾರದಿದ್ದರೆ ಅದು ಚಾರ್ಜ್ ಮಾಡೋದೇ ಇಲ್ಲ. ಆಮೇಲೆ ಎಂಜಿನ್ ನಿಲ್ಲಿಸಿ, ಎಂಜಿನ್‌ನ ಜನರೇಟರ್‌ನಿಂದ ರೆಗ್ಯುಲೇಟರ್‌ಗೆ ಬರುವ ಹಳದಿ ವೈರ್ ಎರಡನ್ನೂ ಬಿಚ್ಚಿ ನೋಡಿ. ಎಂಜಿನ್ ಮೈಗೂ ಅವಕ್ಕೂ ಸಂಪರ್ಕ ಇರಬಾರದು.

ಐಡಲ್‌ನಲ್ಲಿ ಅಳೆದು ಗಾಬರಿಯಾಗಬೇಡಿ, ಆಗ ಕರೆಂಟ್ ಕಡಿಮೆಯೇ. 3000 ಆರ್‌ಪಿಎಂ ದಾಟಿಸಿ, ಬ್ಯಾಟರಿ ಕಂಬದಲ್ಲೇ ಅಳೆಯಿರಿ. 13.5ರಿಂದ 14.2 ಬಂದರೆ ಆರೋಗ್ಯ. ಓಡುವಾಗ ಮಾತ್ರ ಬ್ಯಾಟರಿ ವೈರ್ ಬಿಚ್ಚಬೇಡಿ, ರೆಗ್ಯುಲೇಟರ್ ನಿಜವಾಗಿಯೂ ಸುಟ್ಟು ಹೋದೀತು.

ಈ ಎಂಜಿನ್‌ನ ಇಗ್ನಿಷನ್‌ಗೆ ಬ್ಯಾಟರಿ ಬೇಡ, ಚಾರ್ಜ್ ಇಲ್ಲದೆಯೂ ಓಡುತ್ತದೆ. ಹಾಗಂತ ಸುಮ್ನೆ ಬಿಡಬೇಡಿ. ಮೇಲೆ ಹೋದಾಗ ರೇಡಿಯೋ ಸತ್ತರೆ ಕಷ್ಟ. ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎಯ ಅನುಮತಿ ಕೈಗೆ ಬರುವವರೆಗೆ ಏನೇ ಪರೀಕ್ಷೆ ಇದ್ದರೂ ನೆಲದ ಮೇಲೇ ಮಾಡಿ.

ಹಳೇ ರೆಗ್ಯುಲೇಟರ್ ಎಸೆಯಬೇಡಿ. ಅದು ಚೆನ್ನಾಗೇ ಇರಬಹುದು. ಮೀಟರ್ ಅಂಕಿ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ನೋಡೋಣ.