ಲ್ಯಾಂಡ್ ಪೇಟೆಂಟ್ ಮಾಡಿಸಿ ಅಮೆರಿಕದ ಸರ್ಕಾರಿ ಜಮೀನನ್ನು ಸ್ವಂತ ಮಾಡಿಕೊಳ್ಳಬಹುದಾ?

ಮೊದಲು ಭಾವನವರಿಗೆ ಫೋನ್ ಮಾಡಿ, ದುಡ್ಡು ಕೊಡಬೇಡಿ ಅಂತ ಹೇಳಿ. ಉಳಿದದ್ದನ್ನು ಆಮೇಲೆ ನಿಧಾನಕ್ಕೆ ಓದಿ.

ನೀವು ಬರೆದಿರುವುದು ಇಷ್ಟು. ನಿಮ್ಮ ಭಾವ ನೆವಾಡಾದಲ್ಲಿದ್ದಾರೆ, ಎಚ್1ಬಿ ವೀಸಾ. ಯಾರೋ ಒಬ್ಬರು 1500 ಡಾಲರ್ ಕೊಟ್ಟರೆ ಲ್ಯಾಂಡ್ ಪೇಟೆಂಟ್ ಮಾಡಿಸಿಕೊಡುತ್ತೇನೆ ಅಂದಿದ್ದಾರೆ. ಊರಾಚೆಯ ಸರ್ಕಾರಿ ಜಮೀನೂ ಸಿಗುತ್ತದಂತೆ, ಮನೆ ಸಾಲವೂ ವಜಾ ಆಗುತ್ತದಂತೆ. ಇದು ನಮ್ಮ ಬಗರ್ ಹುಕುಂ ತರಹದ್ದಾ ಅಂತಲೂ ಕೇಳಿದ್ದೀರಿ.

ನಾನು ಹನ್ನೊಂದು ವರ್ಷದಿಂದ ಇದೇ ನೆವಾಡಾದ ರೀನೋದಲ್ಲಿ ಒಂದು ಟೈಟಲ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಮನೆಯೋ ಜಾಗವೋ ಮಾರಾಟವಾಗುವ ಮುಂಚೆ ಅದರ ಪತ್ರಗಳನ್ನು ನಾವು ನೋಡುತ್ತೇವೆ. ಊರಲ್ಲಿ ಇಸಿ ತೆಗೆಸುತ್ತಾರಲ್ಲ, ಆ ತರಹ. ಈಗಿನ ಮಾಲೀಕ, ಅವನಿಗೆ ಮಾರಿದವನು, ಅವನಿಗೆ ಮಾರಿದವನು ಅಂತ ಹಿಂದಕ್ಕೆ ಹೋಗುತ್ತಾ ಹೋಗುತ್ತಾ ಕೊನೆಗೆ ಒಂದು ಕಾಗದ ಸಿಗುತ್ತದೆ. ಅದಕ್ಕಿಂತ ಹಿಂದೆ ಮಾಲೀಕರ ಹೆಸರಿಲ್ಲ, ಅಮೆರಿಕ ಸರ್ಕಾರ ಮಾತ್ರ. ಆ ಕಾಗದವೇ ಲ್ಯಾಂಡ್ ಪೇಟೆಂಟ್. ಜಮೀನು ಸರ್ಕಾರದ ಕೈಬಿಟ್ಟು ಮೊದಲ ಸಲ ಒಬ್ಬನ ಕೈಗೆ ಹೋಯಿತು ಅನ್ನುವುದಕ್ಕೆ ಅದೇ ಪುರಾವೆ. ದರಖಾಸ್ತು ಜಮೀನಿಗೆ ಸಾಗುವಳಿ ಚೀಟಿ ಇದ್ದ ಹಾಗೆ ಅಂದುಕೊಳ್ಳಿ. ಹೊಸ ಯಂತ್ರ ಕಂಡುಹಿಡಿದವರು ತೆಗೆದುಕೊಳ್ಳುವ ಪೇಟೆಂಟೇ ಬೇರೆ.

ಒಂದು ಕಾಲದಲ್ಲಿ ಇದು ನಿಜವಾಗಿಯೂ ಸಿಗುತ್ತಿತ್ತು. 1862ರ ಮೇ 20ರಂದು ಅಧ್ಯಕ್ಷ ಲಿಂಕನ್ ಹೋಮ್‌ಸ್ಟೆಡ್ ಕಾಯ್ದೆಗೆ ಸಹಿ ಹಾಕಿದರು. ಒಬ್ಬರಿಗೆ 160 ಎಕರೆ ಸರ್ಕಾರಿ ಜಮೀನು. ಐದು ವರ್ಷ ಅಲ್ಲೇ ಇರಬೇಕು, ಮನೆ ಕಟ್ಟಬೇಕು, ಉಳುಮೆ ಮಾಡಬೇಕು. ಶುಲ್ಕವೆಲ್ಲ ಸೇರಿ 18 ಡಾಲರ್. ಕೊನೆಗೆ ಇಬ್ಬರು ಸಾಕ್ಷಿಗಳನ್ನು ಕರೆದುಕೊಂಡು ಲ್ಯಾಂಡ್ ಆಫೀಸಿಗೆ ಹೋಗಿ, ಹೇಳಿದ್ದೆಲ್ಲ ಮಾಡಿದ್ದೇನೆ ಅಂತ ಪ್ರಮಾಣ ಮಾಡಬೇಕು. ಹೀಗೆ ಸುಮಾರು 27 ಕೋಟಿ ಎಕರೆ ಖಾಸಗಿಯಾಯಿತು. ದೇಶದ ಹತ್ತರಲ್ಲಿ ಒಂದು ಪಾಲು!

ಮೋಸವೂ ಅಷ್ಟೇ ಜೋರಾಗಿ ನಡೆಯಿತು. '12 ಬೈ 14 ಮನೆ ಇದೆ' ಅಂತ ಪ್ರಮಾಣ ಮಾಡಿದವರ ಮನೆಯ ಅಳತೆ ಅಡಿಯಲ್ಲಲ್ಲ, ಇಂಚಿನಲ್ಲಿ ಇರುತ್ತಿತ್ತಂತೆ. ಒಂದೇ ಗುಡಿಸಲನ್ನು ಚಕ್ರದ ಮೇಲೆ ಎಳೆದುಕೊಂಡು ಹೋಗಿ ಹತ್ತಾರು ಜಮೀನಿನಲ್ಲಿ ತೋರಿಸಿದ ಕಥೆಗಳೂ ಇವೆ. ಊರಲ್ಲಿ ಸ್ಥಳ ತನಿಖೆಗೆ ಬರುವ ಹಿಂದಿನ ದಿನ ತೆಂಗಿನ ಸಸಿ ನೆಡುವವರನ್ನು ಕಂಡವರಿಗೆ ಇದೇನೂ ಹೊಸದಲ್ಲ ಬಿಡಿ.

ಹಳೇ ಪೇಟೆಂಟಿನಲ್ಲಿ ಲಿಂಕನ್ ಹೆಸರು ಕಂಡು 'ಲಿಂಕನ್ನೇ ಸಹಿ ಮಾಡಿದ್ದಾರೆ' ಅಂತ ಫ್ರೇಮ್ ಹಾಕಿಸುವವರನ್ನೂ ನೋಡಿದ್ದೇನೆ. 1833ರಿಂದಲೇ ಅಧ್ಯಕ್ಷರ ಪರವಾಗಿ ಒಬ್ಬ ಕಾರ್ಯದರ್ಶಿ ಸಹಿ ಹಾಕುವ ಏರ್ಪಾಡು ಬಂದಿತ್ತು. ಹೇಳಿದರೆ ಅವರಿಗೆ ಬೇಜಾರಾಗುತ್ತದೆ. ಹಾಗಾಗಿ ನಾನು ಹೇಳುವುದಿಲ್ಲ.

ಇನ್ನೊಂದು ವಿಷಯವನ್ನು ಇಲ್ಲಿ ಜನ ಸುಮ್ನೆ ದಾಟಿಬಿಡುತ್ತಾರೆ. ಸರ್ಕಾರ ಹಂಚಿದ್ದು ಮೂಲನಿವಾಸಿಗಳಿಂದ ಕಿತ್ತುಕೊಂಡ ನೆಲ. 1887ರ ಡಾಸ್ ಕಾಯ್ದೆ ಆ ಬುಡಕಟ್ಟುಗಳ ಬಳಿ ಉಳಿದಿದ್ದ ಜಮೀನನ್ನೂ ಮನೆಗಿಷ್ಟು ಅಂತ ತುಂಡು ಮಾಡಿತು. ಮೊದಲು ಕೊಡುತ್ತಿದ್ದದ್ದು ಟ್ರಸ್ಟ್ ಪೇಟೆಂಟ್. 25 ವರ್ಷ ಮಾರುವ ಹಾಗಿಲ್ಲ, ತೆರಿಗೆಯೂ ಇಲ್ಲ. 1906ರ ತಿದ್ದುಪಡಿ ಬಂದ ಮೇಲೆ 'ನೀನು ಸಮರ್ಥ' ಅಂತ ಅಧಿಕಾರಿಗಳು ಮೊದಲೇ ಪೂರ್ತಿ ಪೇಟೆಂಟ್ ಕೊಡಬಹುದಾಯಿತು. ಎಷ್ಟೋ ಜನ ಕೇಳಿಯೇ ಇರಲಿಲ್ಲ, ಆದರೂ ಕೊಟ್ಟರು. ಪೇಟೆಂಟ್ ಕೈಗೆ ಬಂದ ಕೂಡಲೇ ತೆರಿಗೆ ಶುರು. ಕಟ್ಟಲಾಗದಿದ್ದರೆ ಹರಾಜು. ಅತ್ತ ಹಂಚಿ ಮಿಕ್ಕಿದ್ದನ್ನು 'ಹೆಚ್ಚುವರಿ' ಅಂತ ಬಿಳಿಯರಿಗೆ ಬಿಟ್ಟರು. 1887ರಲ್ಲಿ ಬುಡಕಟ್ಟುಗಳ ಬಳಿ ಸುಮಾರು 13.8 ಕೋಟಿ ಎಕರೆ ಇತ್ತು. 1934ರ ಹೊತ್ತಿಗೆ ಉಳಿದದ್ದು 4.8 ಕೋಟಿ. ಒಬ್ಬನಿಗೆ ಜಮೀನು ತಂದ ಅದೇ ಕಾಗದ ಇನ್ನೊಬ್ಬನ ಜಮೀನು ಕಳೆಯಿತು.

ನಮ್ಮಂಥವರಿಗಂತೂ ಆಗಲೂ ಬಾಗಿಲು ಮುಚ್ಚಿತ್ತು. ಹೋಮ್‌ಸ್ಟೆಡ್‌ಗೆ ಪೌರನಾಗಿರಬೇಕು, ಇಲ್ಲವೇ ಪೌರನಾಗುತ್ತೇನೆ ಅಂತ ಬರೆದುಕೊಟ್ಟಿರಬೇಕು. ಭಾರತದಿಂದ ಬಂದು ಇಲ್ಲಿ ನೆಲೆಸಿದ್ದ ಭಗತ್ ಸಿಂಗ್ ತಿಂದ್ ಅವರ ಪ್ರಕರಣದಲ್ಲಿ 1923ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟು ಭಾರತೀಯರಿಗೆ ಪೌರತ್ವವೇ ಇಲ್ಲ ಅಂದಿತು. ಅದು ಬದಲಾಗಿದ್ದು 1946ರಲ್ಲಿ.

1976ರಲ್ಲಿ ಹೋಮ್‌ಸ್ಟೆಡ್ ರದ್ದಾಯಿತು. ಅಲಾಸ್ಕಾಕ್ಕೆ ಮಾತ್ರ ಇನ್ನೂ ಹತ್ತು ವರ್ಷ ಕೊಟ್ಟರು. ಕೊನೆಯ ಹೋಮ್‌ಸ್ಟೆಡ್ ಪೇಟೆಂಟ್ 1988ರಲ್ಲಿ ಅಲ್ಲಿನ ಸ್ಟೋನಿ ನದಿಯ ದಂಡೆಯ 80 ಎಕರೆಗೆ ಸಿಕ್ಕಿತು. ಅಲ್ಲಿಗೆ ಮುಗಿಯಿತು.

ನೆವಾಡಾದಲ್ಲಿ ನೂರಕ್ಕೆ ಎಂಬತ್ತು ಭಾಗ ನೆಲ ಇವತ್ತಿಗೂ ಕೇಂದ್ರ ಸರ್ಕಾರದ್ದೇ. ಅದಕ್ಕೇ ಈ ಆಸೆ ಇಲ್ಲಿ ಬೇಗ ಚಿಗುರುತ್ತದೆ. ಗಣಿ ದಾರಿಯೊಂದಿದೆ ಅಂತಲೂ ಆ 1500 ಡಾಲರ್ ಕೇಳಿದವರು ಹೇಳಿರಬಹುದು. 1872ರ ಗಣಿ ಕಾನೂನು ಇನ್ನೂ ಬದುಕಿದೆ. ಅದರಲ್ಲಿ ಎಕರೆಗೆ ಎರಡೂವರೆ ಅಥವಾ ಐದು ಡಾಲರ್ ಕಟ್ಟಿ ಪೇಟೆಂಟ್ ಪಡೆಯಬಹುದಿತ್ತು. 1872ರ ರೇಟು, ಒಂದು ಸೆಂಟೂ ಏರಿಸಿರಲಿಲ್ಲ. 1994ರಲ್ಲಿ ಬ್ಯಾರಿಕ್ ಕಂಪನಿ ಉತ್ತರ ನೆವಾಡಾದ ಗೋಲ್ಡ್‌ಸ್ಟ್ರೈಕ್ ಗಣಿಯ ಸುಮಾರು 1,950 ಎಕರೆಗೆ ಹೀಗೇ ಪೇಟೆಂಟ್ ತೆಗೆದುಕೊಂಡಿತು. ಕಟ್ಟಿದ್ದು 10 ಸಾವಿರ ಡಾಲರಿಗೂ ಕಡಿಮೆ. ಒಳಗಿದ್ದ ಚಿನ್ನದ ಅಂದಾಜು 1,000 ಕೋಟಿ ಡಾಲರ್! ಒಳಾಡಳಿತ ಕಾರ್ಯದರ್ಶಿ ಬ್ರೂಸ್ ಬ್ಯಾಬಿಟ್ ಕಾನೂನು ಬೇರೆ ದಾರಿ ಬಿಟ್ಟಿಲ್ಲ ಅಂತ ಬೈದುಕೊಂಡೇ ಸಹಿ ಹಾಕಿದರು. ಅದೇ ವರ್ಷ ಅಕ್ಟೋಬರಿನಿಂದ ಸಂಸತ್ತು ಹೊಸ ಗಣಿ ಪೇಟೆಂಟ್ ಅರ್ಜಿಗಳಿಗೆ ತಡೆ ಹಾಕಿತು. ವರ್ಷ ವರ್ಷವೂ ಆ ತಡೆಯನ್ನು ಮುಂದುವರಿಸುತ್ತಾ ಬಂದಿದೆ. ಗಣಿ ಕ್ಲೇಮ್ ಈಗಲೂ ಹಾಕಬಹುದು. ಆದರೆ ಅದು ಖನಿಜ ತೆಗೆಯುವ ಹಕ್ಕು, ಮನೆ ಕಟ್ಟುವ ಹಕ್ಕಲ್ಲ. ಅದಕ್ಕೂ ಪೌರತ್ವದ ಷರತ್ತಿದೆ. ಎಚ್1ಬಿಯಲ್ಲಿ ಇರುವವರು ಅತ್ತ ನೋಡುವುದೇ ಬೇಡ.

ಈಗ ಆ 1500 ಡಾಲರಿನ ಕಥೆ. ಅವರು ಮಾಡುವುದು ಇಷ್ಟೇ: ನಿಮ್ಮ ಜಾಗದ ಹಳೇ ಪೇಟೆಂಟಿನ ನಕಲು ತೆಗೆಯುತ್ತಾರೆ. ಅದರ ಜೊತೆ 'ಲ್ಯಾಂಡ್ ಪೇಟೆಂಟ್ ಘೋಷಣೆ' ಅಂತ ಒಂದು ಕಾಗದ ಬರೆದು, ಈ ಪೇಟೆಂಟ್ ಈಗ ನನ್ನ ಹೆಸರಿಗೆ ಬಂತು, ಬ್ಯಾಂಕಿಗೂ ತೆರಿಗೆಯವರಿಗೂ ಇದರ ಮೇಲೆ ಅಧಿಕಾರವಿಲ್ಲ ಅಂತ ಸೇರಿಸುತ್ತಾರೆ. ಊರಿನ ಸಬ್ ರಿಜಿಸ್ಟ್ರಾರ್ ಆಫೀಸಿನ ತರಹದ ಕೌಂಟಿ ರೆಕಾರ್ಡರ್ ಆಫೀಸಿನಲ್ಲಿ ನೋಂದಾಯಿಸುತ್ತಾರೆ. ಅಲ್ಲಿನವರು ಅಂಚು, ಸಹಿ, ಶುಲ್ಕ ಸರಿ ಇದೆಯಾ ಅಂತ ನೋಡುತ್ತಾರೆ. ಒಳಗೆ ಬರೆದದ್ದು ನಿಜವಾ ಅನ್ನುವುದು ಅವರ ಕೆಲಸವಲ್ಲ. ಸೀಲು ಬಿದ್ದದ್ದನ್ನೇ ತೋರಿಸಿ 'ನೋಡಿ, ಸರ್ಕಾರ ಒಪ್ಪಿತು' ಅನ್ನುತ್ತಾರೆ.

ಪೇಟೆಂಟಿಗೆ ಬಲವಿದೆ ಅನ್ನುವ ಮಾತು ನಿಜ. ಆದರೆ ಆ ಬಲ ಸರ್ಕಾರದಿಂದ ಮೊದಲ ಮಾಲೀಕನಿಗೆ ಆದ ವರ್ಗಾವಣೆಯದು. ಆಮೇಲಿನ ಮಾರಾಟ, ಪಾಲು, ಸಾಲ, ತೆರಿಗೆ ಎಲ್ಲ ರಾಜ್ಯದ ಕಾನೂನಿಗೆ ಸೇರಿದ್ದು. ಮುತ್ತಜ್ಜನ ಸಾಗುವಳಿ ಚೀಟಿಯ ಜೆರಾಕ್ಸ್ ಮೇಲೆ ನಿಮ್ಮ ಹೆಸರು ಬರೆದರೆ ಸೊಸೈಟಿ ಸಾಲ ಮಾಫಿ ಆಗುತ್ತದಾ? 1980ರ ದಶಕದಲ್ಲಿ ರೈತರು ಸಾಲದಲ್ಲಿ ಮುಳುಗಿದ್ದಾಗ ಈ ಔಷಧಿ ಜೋರಾಗಿ ಮಾರಾಟವಾಯಿತು. ಇಂಡಿಯಾನಾದ ಒಂದು ಕುಟುಂಬ ಇದನ್ನೇ ಹಿಡಿದುಕೊಂಡು ಕೋರ್ಟಿಗೆ ಹೋಯಿತು. ನೀವೇ ಬರೆದುಕೊಂಡ ಕಾಗದದಿಂದ ನಿಮಗೆ ಹಕ್ಕು ಬರುವುದಿಲ್ಲ ಅಂತ ಕೋರ್ಟು ಹೇಳಿತು. 1985ರಲ್ಲಿ ಮೇಲ್ಮನವಿಯಲ್ಲೂ ಸೋತರು. ಆಮೇಲಿನ ಇಂಥ ವ್ಯಾಜ್ಯಗಳ ಗತಿಯೂ ಅದೇ.

ನನ್ನ ಕೈಗೂ ಅಂಥದ್ದೊಂದು ಬಂದಿತ್ತು. ಪತ್ರಗಳ ನಡುವೆ ಮೂರು ಪುಟದ ಘೋಷಣೆ, ಕೆಳಗೆ ಕೆಂಪು ಶಾಯಿಯ ಹೆಬ್ಬೆಟ್ಟು. ಮುಂದಿನ ಪತ್ರ ನೋಡಿದರೆ ಕಂತು ಕಟ್ಟಿಲ್ಲ ಅಂತ ಬ್ಯಾಂಕಿನ ನೋಟಿಸು. ಅದರ ಮುಂದಿನದು ಹರಾಜು. ಘೋಷಣೆಗೂ ಹರಾಜಿಗೂ ನಡುವೆ ಹದಿನಾಲ್ಕು ತಿಂಗಳು. ಸಾಲ ವಜಾ ಆಯಿತು ಅಂತ ನಂಬಿ ಕಂತು ನಿಲ್ಲಿಸಿದ್ದರು, ಪಾಪ. ಸುಳ್ಳು ಪತ್ರ ಅಂತ ಗೊತ್ತಿದ್ದೂ ನೋಂದಾಯಿಸಿದರೆ ನೆವಾಡಾದಲ್ಲಿ ಅದು ಜೈಲಿಗೆ ಹೋಗುವಂಥ ಅಪರಾಧ. ವೀಸಾ ಮೇಲಿರುವವರಿಗೆ ಬೇಕಾ ಇದು?

ಬಗರ್ ಹುಕುಂ ಪ್ರಶ್ನೆ ಚೆನ್ನಾಗಿದೆ. ಅದಕ್ಕೆ ಹತ್ತಿರದ್ದು ಅಂದರೆ 1928ರ ಕಲರ್ ಆಫ್ ಟೈಟಲ್ ಕಾಯ್ದೆ. ಅದು ಈಗಲೂ ಇದೆ. ಹಳೇ ಸರ್ವೆಯ ತಪ್ಪಿನಿಂದಲೋ ಪತ್ರದ ತಪ್ಪಿನಿಂದಲೋ ಸರ್ಕಾರಿ ತುಂಡೊಂದು ನಿಮ್ಮ ಕ್ರಯಪತ್ರದಲ್ಲಿ ಸೇರಿರಬೇಕು. ನಿಮ್ಮದೇ ಅಂತ ನಂಬಿ 20 ವರ್ಷಕ್ಕಿಂತ ಹೆಚ್ಚು ಅನುಭವಿಸಿರಬೇಕು. ಕಟ್ಟಡವೋ ಬೇಸಾಯವೋ ಮಾಡಿರಬೇಕು. ಆಗ ಬೆಲೆ ಕಟ್ಟಿ ಪೇಟೆಂಟ್ ಕೇಳಬಹುದು. ಇದು ಸರ್ಕಾರಿ ಜಮೀನು ಅಂತ ನಿಮಗೆ ಮೊದಲೇ ಗೊತ್ತಿದ್ದರೆ ಮಾತ್ರ ಅರ್ಜಿ ಬಿದ್ದುಹೋಯಿತು. ನಮ್ಮಲ್ಲಿ ಇದು ತಲೆಕೆಳಗು, ಅಲ್ವಾ? ಸರ್ಕಾರದ್ದು ಅಂತ ಗೊತ್ತಿದ್ದೇ ಉತ್ತು, ಆಮೇಲೆ ಸಕ್ರಮ ಮಾಡಿ ಅಂತ ಅರ್ಜಿ ಹಾಕುವುದು ಬಗರ್ ಹುಕುಂ. ಇಲ್ಲಿ ಕೇಂದ್ರ ಸರ್ಕಾರದ ನೆಲದ ಮೇಲೆ ಬೇಲಿ ಹಾಕಿ ನೂರು ವರ್ಷ ಕೂತರೂ, ಕೂತಿದ್ದಕ್ಕೇ ಹಕ್ಕು ಬರುವುದಿಲ್ಲ.

ಭಾವನವರಿಗೆ ನಿಜವಾಗಿ ಜಾಗ ಬೇಕಿದ್ದರೆ, ಕೇಂದ್ರ ಸರ್ಕಾರದ ಜಮೀನು ನೋಡಿಕೊಳ್ಳುವ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ಇಲಾಖೆ ಆಗಾಗ ಕೆಲವು ತುಂಡುಗಳನ್ನು ಹರಾಜು ಹಾಕುತ್ತದೆ. ಮಾರುಕಟ್ಟೆ ಬೆಲೆಗೇ, ಸೋವಿಗೆ ಏನೂ ಅಲ್ಲ. ಅಲ್ಲಿಯೂ ಪೌರತ್ವದ ನಿಯಮ ಮೊದಲು ಕೇಳಿಕೊಳ್ಳಲಿ.

ಹಳೇ ಪೇಟೆಂಟ್ ನೋಡುವ ಆಸೆಯಿದ್ದರೆ ಅದೇ ಇಲಾಖೆಯ ಜನರಲ್ ಲ್ಯಾಂಡ್ ಆಫೀಸ್ ದಾಖಲೆಗಳ ತಾಣದಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ಆ ಪುಣ್ಯಾತ್ಮ ಮಾರುತ್ತಿರುವ ನಕಲೂ ಅಲ್ಲಿಂದಲೇ ಇಳಿಸಿಕೊಂಡದ್ದು. ಮನೆ ಪತ್ರದಲ್ಲಿ ನಮ್ಮ ಸರ್ವೆ ನಂಬರಿನ ತರಹ ಇರುವ ಟೌನ್‌ಶಿಪ್, ರೇಂಜ್, ಸೆಕ್ಷನ್ ನಂಬರ್ ಹಾಕಿ ಹುಡುಕಲಿ. ಸಿಗದಿದ್ದರೆ ಆ ಮೂರು ನಂಬರ್ ಮಾತ್ರ ಇಲ್ಲಿ ಬರೆಯಿರಿ, ಮನೆ ವಿಳಾಸ ಬೇಡ. ಶನಿವಾರ ಬಿಡುವಾದಾಗ ನೋಡಿ ಹೇಳುತ್ತೇನೆ.